ಪಂಚಮಿ ರೊಟ್ಟಿ ಮಾರಿದ ಲೆಕ್ಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತಿನ ಬರಹ ರೂಪ)



ನನಗಿಂತ ಮೊದಲು ಮಾತಾಡಿದವರೆಲ್ಲ ದೊಡ್ಡ ದೊಡ್ಡ ಹುದ್ದೆಯಲ್ಲಿ ಇರುವವರು. ನಾನು ಇಲ್ಲಿ ಹತ್ತನೇ ತರಗತಿ ಪಾಸಾಗಿ, ಇದೇ ಊರಿನ ಸೊಸೆಯಾಗಿ, ಸ್ವಸಹಾಯ ಸಂಘದ ಲೆಕ್ಕ ಬರೆದುಕೊಂಡು ಇರುವವಳು. ನನ್ನನ್ನು ಕರೆದದ್ದು ಒಂದೇ ಕಾರಣಕ್ಕೆ. ಎರಡು ವರ್ಷ ಪಂಚಮಿ ಹಬ್ಬದಲ್ಲಿ ರೊಟ್ಟಿ, ಉಂಡೆ ಮಾರಿ ಶಾಲೆಗೆ ಹಣ ಕೂಡಿಸಿದೆವಲ್ಲ, ಅದು ಹೇಗೆ ಮಾಡಿದಿರಿ ಎಂದು ಯಲಬುರ್ಗಾ, ಗಂಗಾವತಿ ಕಡೆಯ ಶಾಲೆಗಳವರು ಕೇಳುತ್ತಿದ್ದಾರಂತೆ. ಮಾತು ನನಗೆ ಅಷ್ಟು ಬರುವುದಿಲ್ಲ, ಲೆಕ್ಕ ಬರುತ್ತದೆ. ಲೆಕ್ಕವನ್ನೇ ಹೇಳುತ್ತೇನೆ.

ಹಣ ಯಾಕೆ ಬೇಕಾಯಿತು ಎಂಬುದು ಊರವರಿಗೆ ಗೊತ್ತು, ಹೊರಗಿನಿಂದ ಬಂದವರಿಗಾಗಿ ಹೇಳುತ್ತೇನೆ. ಹತ್ತನೇ ತರಗತಿಯ ಮಕ್ಕಳಿಗೆ ಡಿಸೆಂಬರಿನಿಂದ ಪರೀಕ್ಷೆಯವರೆಗೆ ಸಂಜೆ ಆರೂವರೆ ತನಕ ಹೆಚ್ಚಿನ ತರಗತಿ ನಡೆಯುತ್ತದೆ. ತಾಂಡಾದಿಂದ, ಆಚೆಯ ಎರಡು ಸಣ್ಣ ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳು ನಾಲ್ಕೂವರೆಗೇ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು. ಆಮೇಲೆ ಬಸ್ಸಿಲ್ಲ. ನಾಲ್ಕು ಕಿಲೋಮೀಟರ್ ಕತ್ತಲಲ್ಲಿ ಮಗಳು ನಡೆದು ಬರಲಿ ಎಂದು ಯಾವ ತಾಯಿ ಒಪ್ಪುತ್ತಾಳೆ? ಗಣಿತದ ಕಠಿಣ ಪಾಠಗಳೆಲ್ಲ ಸಂಜೆಗೇ ಬರುತ್ತಿದ್ದವು, ಆ ಪಾಠ ಅವರಿಗೆ ಇಲ್ಲ. ಒಂದು ಟಂಟಂ ಗೊತ್ತು ಮಾಡಿದರೆ ದಿನಕ್ಕೆ 400 ರೂಪಾಯಿ, 70 ದಿನಕ್ಕೆ 28,000. ಬೇಕಾದದ್ದು ಇಷ್ಟೇ.

ಅಮೆರಿಕದಲ್ಲಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಫೋನಿನಲ್ಲಿ ಹೇಳಿದರು, ಅಲ್ಲಿ ಕ್ರಿಸ್‌ಮಸ್ ಬಂತೆಂದರೆ ಪಾಲಕರು ಮನೆಯಲ್ಲಿ ಕೇಕು, ಬಿಸ್ಕತ್ತು ಮಾಡಿ ಶಾಲೆಯ ಅಂಗಳದಲ್ಲಿ ಮಾರುತ್ತಾರೆ, ಬಂದ ಹಣ ಶಾಲೆಗೆ, ಅದಕ್ಕೆ ಬೇಕ್ ಸೇಲ್ ಅನ್ನುತ್ತಾರೆ ಎಂದು. ನಮ್ಮಲ್ಲಿ ಒಲೆಯ ಮೇಲೆ ಹಂಚು ಇಳಿಯದ ಹಬ್ಬ ಯಾವುದು? ಪಂಚಮಿ. ಅದು ಶುರುವಾಗುವುದೇ ರೊಟ್ಟಿ ಹಬ್ಬದಿಂದ. ಜೋಳದ ಖಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹಿಂದೆಯೇ ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು.

ಆದರೆ ಮೊದಲ ಸಭೆಯಲ್ಲೇ ಒಬ್ಬ ಅಜ್ಜಿ ಎದ್ದು ನಿಂತರು. "ರೊಟ್ಟಿ ಹಬ್ಬದ ರೊಟ್ಟಿ ಬೀರೂದು ಕೇಳೀನಿ, ಮಾರೂದು ಎಲ್ಲೂ ಕೇಳಿಲ್ಲ ನೋಡವ್ವಾ" ಅಂದರು. ಅವರ ಮಾತು ಖರೆ. ಆ ದಿನ ಮನೆಮನೆಗೆ ರೊಟ್ಟಿ ಬೀರುತ್ತೇವೆ, ಅವರ ಮನೆಯದು ನಮಗೆ, ನಮ್ಮದು ಅವರಿಗೆ. ಎಳ್ಳ ಅಮವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ದಾರಿಯಲ್ಲಿ ಹೋಗುವವರನ್ನೂ ಕರೆದು ಊಟಕ್ಕೆ ಕೂರಿಸುತ್ತೇವೆ. ಕೊಪ್ಪಳದ ಗವಿಮಠದ ಜಾತ್ರೆಗೆ ನಮ್ಮ ಏಳೂ ತಾಲೂಕಿನ ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬಿ ರೊಟ್ಟಿ ಹೋಗುತ್ತವೆ. ಪುಷ್ಯ ಬಹುಳ ಬಿದಿಗೆಯ ತೇರಿನ ಹಿಂದೆ ಮುಂದೆ ಎಷ್ಟೋ ದಿನ ನಡೆಯುವ ಮಹಾದಾಸೋಹದಲ್ಲಿ ಲಕ್ಷಗಟ್ಟಲೆ ಜನ ಉಂಡು ಏಳುತ್ತಾರೆ, ಒಬ್ಬರ ಕಡೆಯಿಂದಲೂ ರೊಕ್ಕ ಕೇಳುವುದಿಲ್ಲ. ನೆರೆಯ ಗದಗ ಜಿಲ್ಲೆಯ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಯೊಳಗೆ ರೊಟ್ಟಿ ಜಾತ್ರೆ ಎಂದೇ ಒಂದು ದಿನ ಇದೆ. ಇಂಥ ಸೀಮೆಯಲ್ಲಿ ರೊಟ್ಟಿಗೆ ಬೆಲೆ ಕಟ್ಟಿ ಕೂರುವುದು ಹೆಂಗಸರಿಗೆ ಸಂಕೋಚದ ಕೆಲಸವೇ.

ಅಜ್ಜಿಯ ಮಾತಿಗೆ ಉತ್ತರ ಕೊಟ್ಟದ್ದು ಒಂಬತ್ತನೇ ತರಗತಿಯ ಹುಡುಗಿ. "ಅಮ್ಮಾ, ಬೀರೂ ರೊಟ್ಟಿ ಬ್ಯಾರೆ ಇಡೂಣು, ಸಾಲಿ ರೊಟ್ಟಿ ಬ್ಯಾರೆ ಬಡಿಯೂಣು." ಹಾಗೇ ಆಯಿತು. ಹಬ್ಬದ ರೊಟ್ಟಿ ಹಬ್ಬಕ್ಕೆ. ಶಾಲೆಯ ರೊಟ್ಟಿಗೆ ಬೇರೆ ದಿನ, ಬೇರೆ ಹಿಟ್ಟು.

ಯಾವ ದಿನ ಮಾರಬೇಕು ಎಂಬುದಕ್ಕೆ ಬಹಳ ಚರ್ಚೆ ಆಯಿತು. ಹಬ್ಬದ ಮೊದಲು ಊರಲ್ಲಿ ಯಾರೂ ಕೊಳ್ಳುವುದಿಲ್ಲ, ಎಲ್ಲರ ಮನೆಯಲ್ಲೂ ಬುಟ್ಟಿ ತುಂಬಿರುತ್ತದೆ. ಆದ್ದರಿಂದ ಎರಡು ಪಾಲು ಮಾಡಿದೆವು. ಹಬ್ಬಕ್ಕೆ ನಾಲ್ಕು ದಿನ ಮುಂಚೆ ಕುಷ್ಟಗಿಗೆ ಒಯ್ದು ಮಾರಿದೆವು. ಅಲ್ಲಿ ಬೇರೆ ಜಿಲ್ಲೆಗಳಿಂದ ಬಂದ ನೌಕರರು ಇದ್ದಾರೆ, ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಗಳಿವೆ, ಉಂಡೆ ಕಟ್ಟಲು ಅವರಿಗೆ ಪುರುಸೊತ್ತಿಲ್ಲ. ಉಳಿದದ್ದನ್ನು ಹಬ್ಬ ಮುಗಿದ ಮರುದಿನ ಶಾಲೆಯ ಅಂಗಳದಲ್ಲಿ ಇಟ್ಟೆವು. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಗಂಡನ ಮನೆಗೆ ಹೊರಡುವ ದಿನ ಅದು. ಅವರಲ್ಲಿ ಅರ್ಧಕ್ಕೂ ಹೆಚ್ಚು ಜನ ಇದೇ ಶಾಲೆಯಲ್ಲಿ ಕಲಿತವರು. ಬ್ಯಾಗು ಹಿಡಿದುಕೊಂಡೇ ಬಂದು, ತಮ್ಮ ಹಳೆಯ ವರ್ಗದ ಕೋಣೆಯನ್ನು ಕಿಟಕಿಯಿಂದ ಇಣುಕಿ ನೋಡಿ, ಬೀಗರ ಮನೆಗೆಂದು ಎರಡು ಮೂರು ಪೊಟ್ಟಣ ಒಯ್ದರು. ನಮ್ಮ ದೊಡ್ಡ ಗಿರಾಕಿಗಳು ಅವರೇ. ಕೇಳಲು ಬಂದಿರುವ ಬೇರೆ ಶಾಲೆಯವರು ಬೇರೇನು ಮರೆತರೂ ಆ ದಿನವನ್ನು ಮರೆಯಬೇಡಿರಿ.

ಸಣ್ಣಪುಟ್ಟ ಸಂಗತಿ ಬೇಗ ಹೇಳಿಬಿಡುತ್ತೇನೆ. ಶ್ರಾವಣದ ಜಿಟಿಜಿಟಿ ಮಳೆಗೆ ಖಡಕ್ ರೊಟ್ಟಿ ಮೆತ್ತಗಾಗುತ್ತದೆ, ಬಡಿದ ದಿನವೇ ಚೆನ್ನಾಗಿ ಆರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಬಿಗಿದು ಇಡಬೇಕು. ಉಂಡೆ ಒಂದು ಮನೆಯಲ್ಲಿ ನಿಂಬೆಹಣ್ಣಿನಷ್ಟು, ಇನ್ನೊಂದು ಮನೆಯಲ್ಲಿ ಸಣ್ಣ ಚೆಂಡಿನಷ್ಟು. ಎಣಿಸಿ ಮಾರಿದರೆ ಜಗಳ, ತೂಗಿ ಮಾರಿದರೆ ಇಲ್ಲ. ಬೆಲೆ ನೂರು, ಐವತ್ತರ ಲೆಕ್ಕದಲ್ಲಿದ್ದರೆ ಚಿಲ್ಲರೆ ತಾಪತ್ರಯ ಕಡಿಮೆ. ಫೋನ್ ಪೇ ಹಣ ಯಾರೊಬ್ಬರ ಸ್ವಂತ ಖಾತೆಗೂ ಬರಕೂಡದು, ಎಷ್ಟೇ ಪ್ರಾಮಾಣಿಕರಿರಲಿ. ಸಮಿತಿಯ ಖಾತೆಯ ಸ್ಕ್ಯಾನರ್ ಒಂದೇ ಇಟ್ಟೆವು. ನಗದಿನ ಡಬ್ಬಿಗೆ ಎರಡು ಬೀಗ, ಎರಡು ಕೀಲಿ, ಎರಡು ಮನೆ. ಮಕ್ಕಳ ಸಂತೆ ಮಾಡಿ ರೂಢಿ ಇದ್ದುದರಿಂದ ತೂಗುವುದು, ಚಿಲ್ಲರೆ ಕೊಡುವುದು ಮಕ್ಕಳು ಚೆನ್ನಾಗಿಯೇ ಮಾಡಿದರು. ನಮ್ಮ ಕಾಲದ ಹುಡುಗರಿಗಿಂತ ಚುರುಕು.

ಇನ್ನು ಎರಡು ವಿಷಯ ಇವೆ. ಅವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮೊದಲನೆಯದು ರಾಶಿಯ ವಿಷಯ. 42 ಮನೆಗಳಿಂದ ರೊಟ್ಟಿ ಬಂದವು. ಊರೊಳಗಿನ ಓಣಿಗಳಿಂದ, ಕೇರಿಯಿಂದ, ತಾಂಡಾದಿಂದ. ಯಾರ ರೊಟ್ಟಿಯೂ ಯಾರ ಹೆಸರಿನ ಮೇಲೂ ಮಾರಾಟಕ್ಕೆ ಹೋಗಬಾರದು ಎಂದು ಮೊದಲೇ ಗೊತ್ತು ಮಾಡಿದ್ದೆವು. ಮಕ್ಕಳು ಎಲ್ಲವನ್ನೂ ದೊಡ್ಡ ಬುಟ್ಟಿಗಳಲ್ಲಿ ಕೂಡಿಸಿ, ಹತ್ತು ಹತ್ತರ ಕಟ್ಟು ಮಾಡಿದರು. ಗವಿಮಠದ ದಾಸೋಹದ ರೊಟ್ಟಿ ರಾಶಿ ನೋಡಿದ್ದೀರಿ. ಅಲ್ಲಿ ಇದು ಯಾವ ಊರಿನದು, ಯಾರ ಮನೆಯದು ಎಂದು ಯಾರು ಕೇಳುತ್ತಾರೆ? ಆದರೆ ರೊಕ್ಕ ಕೊಟ್ಟು ಕೊಳ್ಳುವಾಗ ಮನುಷ್ಯನಿಗೆ ಕೇಳುವ ಹಕ್ಕು ಬಂತೆಂದು ಅನ್ನಿಸುತ್ತದೆ. ಒಬ್ಬ ಹಿರಿಯರು ಬಂದು, ಕಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇವು ಯಾರ ಮನೀವು?" ಎಂದರು. ತಕ್ಕಡಿ ಹಿಡಿದಿದ್ದ ಹುಡುಗ, "ಸಾಲೀವು ರೀ" ಅಂದ. ಅವರು ಮತ್ತೊಮ್ಮೆ ಕೇಳಿದರು. ಅವನು ಮತ್ತೊಮ್ಮೆ ಅದನ್ನೇ ಅಂದ. ಕಟ್ಟು ಇಟ್ಟು ಹೋದರು. ನಾನು ಪಕ್ಕದಲ್ಲೇ ಇದ್ದೆ, ಕರೆಯಲಿಲ್ಲ. ಒಂದು ಕಟ್ಟು ಮಾರಾಟವಾಗದಿದ್ದರೆ ನಷ್ಟ ನೂರು ರೂಪಾಯಿ. ಆ ಪ್ರಶ್ನೆಗೆ ಒಂದು ಸಲ ಉತ್ತರ ಕೊಟ್ಟರೆ ಮರುವರ್ಷ ಕೇರಿಯಿಂದ, ತಾಂಡಾದಿಂದ ಒಂದು ರೊಟ್ಟಿಯೂ ಬರುತ್ತಿರಲಿಲ್ಲ.

ಆ ಹುಡುಗನಿಗೆ ಅದನ್ನು ನಾವು ಯಾರೂ ಹೇಳಿಕೊಟ್ಟಿರಲಿಲ್ಲ. ಅವನಿಗೆ ಆ ಪ್ರಶ್ನೆಯೇ ಅರ್ಥವಾಗಿರಲಿಕ್ಕಿಲ್ಲ ಎಂದು ನನ್ನ ಅನಿಸಿಕೆ. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮ ಕೊಪ್ಪಳವೂ ಒಂದು. ಒಂದನೇ ತರಗತಿಯಿಂದ ಒಂದೇ ಸಾಲಿನಲ್ಲಿ ಕೂತು, ಒಂದೇ ಪಾತ್ರೆಯ ಅನ್ನ ಸಾರು ಉಂಡು ಬೆಳೆದ ಹುಡುಗ ಅವನು. ಸರ್ಕಾರದ ಯೋಜನೆಗೆ ದಾಸೋಹ ಎಂಬ ಶರಣರ ಮಾತನ್ನು ಇಟ್ಟವರು ಯಾರೋ, ಒಳ್ಳೆಯ ಹೆಸರನ್ನೇ ಇಟ್ಟರು.

ಇದರ ಇನ್ನೊಂದು ಮುಖವೂ ಇದೆ, ಸ್ವಲ್ಪ ನಗೆಯದು. ನಮ್ಮ ಓಣಿಯ ಒಬ್ಬ ಅಕ್ಕ ಬಂದು, "ನಾ ಬಡದ ರೊಟ್ಟಿ ಕಾಗದಕ್ಕಿಂತ ತೆಳ್ಳಗ ಇರತಾವ, ಅವನ್ನ ಆರಿಸಿ ನನಗ ಕೊಡ್ರಿ, ಬೀಗರಿಗೆ ಕಳಸಬೇಕು" ಎಂದು ಹಟ ಹಿಡಿದರು. ಅವರಿಗೂ ಅದೇ ಉತ್ತರ. ಕಡೆಗೆ ಎರಡು ಕಟ್ಟು ಒಯ್ದರು, ಮುಖ ಮಾತ್ರ ಗಂಟು.

ಎರಡನೆಯದು ಲೆಕ್ಕ. ಮೊದಲ ವರ್ಷ 1,840 ರೊಟ್ಟಿ, ಹತ್ತಕ್ಕೆ ನೂರರಂತೆ 18,400. ಉಂಡೆ 38 ಕಿಲೋ, ಕಿಲೋಗೆ 300ರಂತೆ 11,400. ಹಿಂಡಿ 12 ಕಿಲೋ, ಪಾವು ಕಿಲೋಗೆ 80ರಂತೆ 3,840. ಒಟ್ಟು 33,640. ಚೀಲ, ಗಾಡಿ ಬಾಡಿಗೆ, ಬೆಂಗಳೂರಿನ ಹಳೆಯ ವಿದ್ಯಾರ್ಥಿಗಳಿಗೆ ಕಳಿಸಿದ ಪಾರ್ಸಲ್, ಎಲ್ಲ ಸೇರಿ ಖರ್ಚು 3,140. ಉಳಿದದ್ದು 30,500. ಟಂಟಂ ಬಾಡಿಗೆ ಕೊಟ್ಟು ಮೇಲೆ 2,500 ಉಳಿಯಿತು. ಚಪ್ಪಾಳೆ ಬಿತ್ತು, ಶಾಲೆಯ ಗೋಡೆಗೆ ಲೆಕ್ಕ ಅಂಟಿಸಿದರು.

ನಾನು ಸಂಘದ ರೂಢಿಯಂತೆ ಮೊದಲ ದಿನದಿಂದಲೂ ಎರಡನೆಯ ಪುಸ್ತಕ ಒಂದನ್ನು ಬರೆದಿದ್ದೆ. ಯಾವ ಮನೆಯಿಂದ ಏನು ಬಂತು, ಅದಕ್ಕೆ ಹಿಟ್ಟೆಷ್ಟು, ಶೇಂಗಾ ಎಷ್ಟು, ಬೆಲ್ಲ ಎಷ್ಟು, ಗ್ಯಾಸು ಸೌದೆ ಎಷ್ಟು. ಎಲ್ಲ ಕೂಡಿಸಿದರೆ ಸುಮಾರು 17,000 ಆಗುತ್ತದೆ. ರೊಟ್ಟಿ ಬಡಿಯುವ ಕೂಲಿ ಒಂದಕ್ಕೆ ಮೂರು ರೂಪಾಯಿ ಹಿಡಿದರೆ ಇನ್ನೂ 5,500. ಅಂದರೆ ನಾವು ಮಾರಿ ಗಳಿಸಿದ್ದು 30,500 ಅಲ್ಲ, 8,000. ಉಳಿದದ್ದನ್ನು ಆ 42 ಮನೆಗಳ ಹೆಂಗಸರು ಕೊಟ್ಟದ್ದು, ಗೋಡೆಯ ಮೇಲಿನ ಲೆಕ್ಕದಲ್ಲಿ ಅವರು ಇಲ್ಲ.

ಇದನ್ನು ಸಭೆಯಲ್ಲಿ ಓದಿದಾಗ ಒಬ್ಬರು, ಹಾಗಾದರೆ ಮನೆಗೆ 530 ರೂಪಾಯಿ ಪಟ್ಟಿ ಎತ್ತಿದ್ದರೆ ಮುಗಿಯುತ್ತಿತ್ತಲ್ಲ ಎಂದರು. ಮುಗಿಯುತ್ತಿರಲಿಲ್ಲ. ರೊಕ್ಕ ಗಂಡಸರ ಕಿಸೆಯಲ್ಲಿರುತ್ತದೆ, ಹಿಟ್ಟಿನ ಡಬ್ಬಿ ಹೆಂಗಸರ ಕೈಯಲ್ಲಿರುತ್ತದೆ. ಯಾರನ್ನೂ ಕೇಳದೆ ಅವಳು ಕೊಡಬಹುದಾದದ್ದು ರೊಟ್ಟಿ. ಅದಕ್ಕೇ ಅಷ್ಟು ಮನೆಗಳಿಂದ ಬಂದದ್ದು.

ಆದರೆ ನನ್ನ ಪುಸ್ತಕದಲ್ಲಿ ಇನ್ನೊಂದು ಕಂಡಿತು. 42ರಲ್ಲಿ ಒಂಬತ್ತು ಮನೆಗಳು ಟಂಟಂ ಹತ್ತುವ ಹುಡುಗಿಯರವೇ. ಕೂಲಿಗೆ ಹೋಗುವ ಮನೆಗಳು. ಅವರೇ ಎಲ್ಲರಿಗಿಂತ ಹೆಚ್ಚು ತಂದಿದ್ದರು, ಒಬ್ಬ ತಾಯಿ 80 ರೊಟ್ಟಿ. ಮಗಳಿಗಾಗಿ ಊರು ಮಾಡುತ್ತಿದೆ, ನಾನು ಕಡಿಮೆ ಕೊಡಬಾರದು ಎಂಬ ಹಟ. ಆ ಹಿಟ್ಟು ಅವರ ಮನೆಯ ನಾಲ್ಕು ದಿನದ ಊಟ. ಅವರ ಸಹಾಯಕ್ಕೆ ಎಂದು ನಾವು ಶುರು ಮಾಡಿದ ಕೆಲಸದ ಭಾರವನ್ನು ಅವರೇ ಹೆಚ್ಚು ಹೊತ್ತರು.

ಎರಡನೆಯ ವರ್ಷ ಕ್ರಮ ಬದಲಾಯಿತು. ಕೈ ನಡೆಯುವ ಹಳೆಯ ವಿದ್ಯಾರ್ಥಿಗಳು 15 ಜನ ತಲಾ ಸಾವಿರ ಕೊಟ್ಟರು. ಜೋಳ, ಶೇಂಗಾ, ಬೆಲ್ಲ, ಗ್ಯಾಸು ಶಾಲೆಯಿಂದಲೇ ಕೊಂಡು ಮನೆಗಳಿಗೆ ಹಂಚಿದೆವು. ಮನೆಯಿಂದ ಹಿಟ್ಟು ತರುವುದು ಯಾರಿಗೂ ಇಲ್ಲ, ಉಳ್ಳವರಿಗೂ ಇಲ್ಲ, ಹಾಗಾಗಿ ಯಾರಿಗೂ ಕಡಿಮೆ ಅನ್ನಿಸಲಿಲ್ಲ. ಅಂದಿನ ಕೂಲಿ ಬಿಟ್ಟು ಬಂದು ಬಡಿದವರಿಗೆ ಕೂಲಿ ಕೊಟ್ಟೆವು. ಮಾರಾಟ 34,200, ಹಳೆಯ ವಿದ್ಯಾರ್ಥಿಗಳ 15,000 ಸೇರಿ 49,200. ಸಾಮಾನು 18,300, ಕೂಲಿ 3,600, ಇತರ ಖರ್ಚು 3,300. ಉಳಿದದ್ದು 24,000. ಹಿಂದಿನ ವರ್ಷದ 2,500 ಸೇರಿಸಿದರೂ 26,500. ಟಂಟಂಗೆ 1,500 ಸಾಲಲಿಲ್ಲ. ಕೊನೆಯ ನಾಲ್ಕು ದಿನ ಪಾಲಕರೇ ಸರದಿಯ ಮೇಲೆ ಬೈಕಿನಲ್ಲಿ ಮಕ್ಕಳನ್ನು ಮನೆ ಮುಟ್ಟಿಸಿದರು.

ಗೋಡೆಯ ಮೇಲೆ ಈ ಲೆಕ್ಕ ಮೊದಲ ವರ್ಷದಷ್ಟು ಚೆಂದ ಕಾಣಲಿಲ್ಲ. ಹಳೆಯ ಕ್ರಮವೇ ಇರಲಿ, ಜನ ಮನಸಾರೆ ಕೊಡುತ್ತಾರೆ, ಯಾಕೆ ಬೇಡವೆನ್ನಬೇಕು ಎಂದವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ಮಠಕ್ಕೆ ರೊಟ್ಟಿ ಕೊಡುವಾಗ ಯಾರೂ ಪುಸ್ತಕ ಬರೆಯುವುದಿಲ್ಲವಲ್ಲ ಎಂದೂ ಕೇಳಿದರು. ಅಲ್ಲಿ ಕೊಟ್ಟವರೂ ಉಣ್ಣುತ್ತಾರೆ, ಕೊಡದವರೂ ಉಣ್ಣುತ್ತಾರೆ, ಯಾರ ಮೇಲೂ ಹಂಗಿಲ್ಲ. ಇಲ್ಲಿ ಒಂಬತ್ತು ಹುಡುಗಿಯರ ಮೇಲೆ ಊರಿನ ಕಣ್ಣಿತ್ತು. ಅದೇ ಕಾರಣಕ್ಕೆ, ಆ ಹುಡುಗಿಯರನ್ನು ಬ್ಯಾನರ್ ಹಿಡಿಸಿ ನಿಲ್ಲಿಸೋಣ, ಮಾರಾಟ ಹೆಚ್ಚುತ್ತದೆ ಎಂಬ ಸಲಹೆ ಬಂದಾಗ ನಾನು ಒಪ್ಪಲಿಲ್ಲ. ಬೋರ್ಡಿನ ಮೇಲೆ "ಸಂಜೆ ತರಗತಿಯ ಟಂಟಂ ಬಾಡಿಗೆಗೆ" ಎಂದಷ್ಟೇ ಬರೆಸಿದೆವು. ಆ ಹುಡುಗಿಯರು ಉಳಿದ ಮಕ್ಕಳ ಜೊತೆ ಕಟ್ಟು ಕಟ್ಟುತ್ತಿದ್ದರು, ಬಂದವರಿಗೆ ಯಾರು ಯಾರೆಂದು ತಿಳಿಯಲೇ ಇಲ್ಲ.

ಎರಡೂ ವರ್ಷದ ಎರಡೆರಡು ಪುಸ್ತಕ ಮುಖ್ಯಗುರುಗಳ ಕಪಾಟಿನಲ್ಲಿವೆ. ಯಲಬುರ್ಗಾ, ಗಂಗಾವತಿಯಿಂದ ಬಂದವರು ಊಟ ಮಾಡಿ, ಆಮೇಲೆ ಕೂತು ನೋಡಿರಿ. ಗಂಗಾವತಿಯವರಿಗೆ ಜೋಳ ಕೊಂಡು ತರಬೇಕಾದೀತು, ನಿಮ್ಮದು ಕಾಲುವೆ ನೀರಿನ ಭತ್ತದ ನಾಡು. ಅದಕ್ಕೆ ತಕ್ಕಂತೆ ಅವಲಕ್ಕಿ, ಮಂಡಕ್ಕಿ ಏನಾದರೂ ಹೊಂದಿಸಿಕೊಳ್ಳಿರಿ. ಈ ವರ್ಷದ ಪಂಚಮಿಗೆ ನಮ್ಮ ಟಂಟಂ ಹತ್ತುವ ಹುಡುಗಿಯರು ಹನ್ನೊಂದು ಜನ, ದಿನದ ಬಾಡಿಗೆ 450 ಕೇಳುತ್ತಿದ್ದಾನೆ. ಸಾವಿರ ಕೊಡುವ ಹಳೆಯ ವಿದ್ಯಾರ್ಥಿಗಳ ಪಟ್ಟಿ ಬಾಗಿಲ ಬಳಿಯ ಮೇಜಿನ ಮೇಲಿದೆ, ಹೋಗುವಾಗ ಹೆಸರು ಬರೆದು ಹೋಗಿರಿ.