ಚಕ್ರದೊಳಗಿನ ಗಾಳಿ

(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ನಾವು ಯಂತ್ರಶಾಸ್ತ್ರ ಓದಿದವರಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿರುವವರು. ಮೋಟಾರು ಗಾಡಿಯ ವಿಷಯವಾಗಿ ನಾಲ್ಕು ಮಾತು ಹೇಳಲು ನಿಂತಿರುವುದು ಪಾಂಡಿತ್ಯದಿಂದಲ್ಲ, ಒಮ್ಮೆ ಹೆದರಿ ಕಲಿತದ್ದರಿಂದ.

ನಮ್ಮ ಹಿರಿಯರು ಜಾತ್ರೆಗೆ ಗಾಡಿ ಕಟ್ಟುವ ಮುನ್ನ ಕೀಲೆಣ್ಣೆ ನೋಡದೆ ಹೊರಡುತ್ತಿರಲಿಲ್ಲ. ನಾವಾದರೋ ನೋಯ್ಡಾದಿಂದ ಆಗ್ರಾಕ್ಕೆ ಹೊರಡುವಾಗ ಪೆಟ್ರೋಲು ನೋಡುತ್ತೇವೆ, ಫಾಸ್ಟ್ಯಾಗಿನಲ್ಲಿ ಹಣವಿದೆಯೇ ಎಂದು ನೋಡುತ್ತೇವೆ, ಬುತ್ತಿ ಕಟ್ಟಿಕೊಳ್ಳುತ್ತೇವೆ. ಟೈರಿನ ಗಾಳಿಯನ್ನು ಮಾತ್ರ ಮರೆಯುತ್ತೇವೆ.

ಎರಡು ವರ್ಷಗಳ ಹಿಂದೆ ಜೂನ್ ತಿಂಗಳಲ್ಲಿ, ಊರಿನಿಂದ ಬಂದಿದ್ದ ಅತ್ತೆ ಮಾವಂದಿರಿಗೆ ತಾಜಮಹಲು ತೋರಿಸಲು ಹೊರಟೆವು. “ಬಿಸಿಲು ಬಲವಾಗಿದೆ, ಗಾಳಿ ಹಿಗ್ಗಿ ಟೈರು ಸಿಡಿದೀತು, ಸ್ವಲ್ಪ ಕಡಿಮೆ ಮಾಡಿಸಿ” ಎಂದರು ಸ್ನೇಹಿತರೊಬ್ಬರು. ನಮಗೂ ಸರಿಯೆನಿಸಿತು. ಚದರ ಅಂಗುಲಕ್ಕೆ 33 ಪೌಂಡು ಇರಬೇಕಾದಲ್ಲಿ 25ಕ್ಕೆ ಇಳಿಸಿದೆವು.

ಯಮುನಾ ಎಕ್ಸ್‌ಪ್ರೆಸ್‌ವೇ 2012ರ ಆಗಸ್ಟಿನಲ್ಲಿ ತೆರೆದದ್ದು. 165 ಕಿಲೋಮೀಟರು ಉದ್ದದ ಕಾಂಕ್ರೀಟು ರಸ್ತೆ. ಅಲ್ಲಿ ಟೈರು ಸಿಡಿದ ಸುದ್ದಿಯನ್ನು ನಾವೆಲ್ಲರೂ ಪತ್ರಿಕೆಗಳಲ್ಲಿ ಓದಿದ್ದೇವೆ. ಅಂದು ಮೊದಮೊದಲು ಸವಾರಿ ಮೆತ್ತಗೆ ಹಿತವಾಗಿಯೇ ಇತ್ತು. ಜೇವರ್ ದಾಟಿದ ಮೇಲೆ ಲಾರಿಯೊಂದನ್ನು ಹಿಂದೆ ಹಾಕಲು ಸ್ಟಿಯರಿಂಗ್ ತಿರುಗಿಸಿದರೆ, ಗಾಡಿ ಕ್ಷಣಕಾಲ ತಡೆದು ತಿರುಗಿತು, ಹಿಂಭಾಗ ಓಲಾಡಿತು. ಹಿಂದೆ ಕುಳಿತವರು ಮಕ್ಕಳು, ಅವರ ತಾಯಿ, ಅತ್ತೆಯವರು. ನಿಧಾನವಾಗಿ ವಿಶ್ರಾಂತಿ ತಾಣ ಸೇರಿ ಟೈರಿನ ಮಗ್ಗುಲನ್ನು ಮುಟ್ಟಿದರೆ, ಒಲೆಯ ಮೇಲಿನ ಕಾವಲಿಯಂತೆ ಸುಡುತ್ತಿತ್ತು.

ಏಕೆ? ಗಾಡಿಯ ಭಾರವನ್ನು ಹೊರುವುದು ಬಹುಪಾಲು ಒಳಗಿನ ಗಾಳಿ, ರಬ್ಬರಲ್ಲ. ಸಾವಿರ ಕಿಲೋ ತೂಕದ ಕಾರು ನಾಲ್ಕು ಅಂಗೈಯಗಲದ ಜಾಗದ ಮೇಲೆ ನಿಂತಿರುತ್ತದೆ. ಗಾಳಿ ಕಡಿಮೆಯಾದರೆ ಟೈರಿನ ಮಗ್ಗುಲು ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಬಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುವಂತೆ ಅದೂ ಕಾಯುತ್ತದೆ. ಕಾದು ಕಾದು ಸೋಲುತ್ತದೆ. ಓಟದಲ್ಲಿ ಗಾಳಿ ಹಿಗ್ಗಿ ಕೆಲವು ಪೌಂಡು ಏರುವುದು ಸಹಜ. ಕಾರು ಮಾಡಿದವರು ಅದನ್ನು ಲೆಕ್ಕಕ್ಕೆ ಹಿಡಿದೇ ಅಂಕಿ ಕೊಟ್ಟಿರುತ್ತಾರೆ. ಆದುದರಿಂದ ಬೇಸಿಗೆಯೆಂದು ಗಾಳಿ ಇಳಿಸುವುದು, ಕಾದ ಟೈರಿನಿಂದ ಗಾಳಿ ಬಿಡುವುದು, ಎರಡೂ ತಪ್ಪು.

ಮುಂದಿನ ಚಕ್ರಗಳಲ್ಲಿ ಗಾಳಿ ಕಡಿಮೆಯಿದ್ದರೆ ಸ್ಟಿಯರಿಂಗ್ ಭಾರವಾಗಿ, ತಿರುವಿನಲ್ಲಿ ಗಾಡಿ ನೇರ ನುಗ್ಗಲು ನೋಡುತ್ತದೆ. ಹಿಂದಿನವುಗಳಲ್ಲಿ ಕಡಿಮೆಯಿದ್ದರೆ ಬಾಲ ಬೀಸುತ್ತದೆ. ಒಂದು ಪಕ್ಕ ಮಾತ್ರ ಕಡಿಮೆಯಿದ್ದರೆ ಗಾಡಿ ಆ ಕಡೆಗೇ ಎಳೆಯುತ್ತದೆ. ಟೈರಿನ ಅಂಚುಗಳು ಸವೆಯುತ್ತವೆ, ಪೆಟ್ರೋಲೂ ಹೆಚ್ಚು ಸುಡುತ್ತದೆ.

ಹಾಗೆಂದು ಹೆಚ್ಚು ತುಂಬಿಸುವುದೂ ಜಾಣತನವಲ್ಲ. ಆಗ ಟೈರಿನ ನಡುಭಾಗ ಮಾತ್ರ ನೆಲ ಮುಟ್ಟಿ ಹಿಡಿತ ತಗ್ಗುತ್ತದೆ, ನಡುವೆಯೇ ಸವೆಯುತ್ತದೆ, ಪ್ರತಿಯೊಂದು ಗುಂಡಿಯೂ ಹಿರಿಯರ ಬೆನ್ನೆಲುಬಿಗೆ ತಾಗುತ್ತದೆ.

ನಮ್ಮ ಊರುಗಳಲ್ಲಿಲ್ಲದ ಇನ್ನೊಂದು ತೊಡಕು ಇಲ್ಲುಂಟು. ಹವೆ 10 ಡಿಗ್ರಿ ತಣ್ಣಗಾದರೆ ಒಂದೂವರೆಯಿಂದ ಎರಡು ಪೌಂಡು ಇಳಿಯುತ್ತದೆ. ಸೆಪ್ಟೆಂಬರಿನಲ್ಲಿ 33 ತುಂಬಿಸಿದ ಟೈರು ಜನವರಿಯ ಮುಂಜಾನೆ, ತೂತಿಲ್ಲದೆಯೇ, ಮೂರು ನಾಲ್ಕು ಪೌಂಡು ಬಡವಾಗಿರುತ್ತದೆ. ಇದಲ್ಲದೆ ತಿಂಗಳಿಗೆ ಒಂದೆರಡು ಪೌಂಡು ತಾನಾಗಿಯೇ ಸೋರುವುದುಂಟು.

ಮಾಡಬೇಕಾದುದು ಸ್ವಲ್ಪವೇ. ಚಾಲಕನ ಬಾಗಿಲ ಬಳಿ ಅಂಟಿಸಿರುವ ಚೀಟಿಯ ಅಂಕಿಯನ್ನು ಅನುಸರಿಸಿರಿ. ಟೈರಿನ ಮೈಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ತುಂಬಿಸಬೇಕಾದ ಅಂಕಿಯಲ್ಲ. ಮನೆಮಂದಿ, ಸಾಮಾನು ತುಂಬಿದ್ದರೆ ಅದೇ ಚೀಟಿಯಲ್ಲಿ ಪೂರ್ಣ ಭಾರಕ್ಕೆ ಹೇಳಿದಷ್ಟು ಹಾಕಿಸಿರಿ. ಟೈರು ತಣ್ಣಗಿರುವಾಗಲೇ, ತಿಂಗಳಿಗೊಮ್ಮೆ, ಸ್ಟೆಪ್ನಿಯನ್ನೂ ಸೇರಿಸಿ ಅಳೆಸಿರಿ.

ಬ್ಯಾಂಕಿನಲ್ಲಿ ಒಂದು ರೂಪಾಯಿ ಹೊಂದದಿದ್ದರೆ ನಾವು ಮನೆಗೆ ಹೊರಡುವುದಿಲ್ಲ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಟ ದಿನ ಎಂಟು ಪೌಂಡಿನ ಕೊರತೆಯನ್ನು ನಾವೇ ಮಾಡಿಕೊಂಡೆವು. ಬಂಧುಗಳು ಊರಿಗೋ ಆಗ್ರಾಕ್ಕೋ ಹೊರಡುವ ಮುನ್ನ ಐದು ನಿಮಿಷ ಗಾಳಿಗೆ ಕೊಡಿರೆಂದು ಬೇಡಿ, ಮಾತು ಮುಗಿಸುತ್ತೇವೆ.