ತಪ್ಪು ಡಬ್ಬಿಗೆ ಬಿದ್ದ ಚೀಟಿ

ರಾಷ್ಟ್ರಪತಿ ಚುನಾವಣೆಯ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಸಂವಿಧಾನದ 54, 55ನೇ ವಿಧಿಗಳನ್ನು ಈ ಸಭೆಗೆ ಓದಿ ಹೇಳಬೇಕಾಗಿಲ್ಲ. ಸಂಸದರೂ ಶಾಸಕರೂ ನಮ್ಮ ಪರವಾಗಿ ಮತ ಹಾಕುತ್ತಾರೆ. ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131, ಅದೂ 1971ರ ಜನಗಣತಿಯ ಲೆಕ್ಕದಲ್ಲಿ. ಇಷ್ಟು ಸಾಕು. ನನ್ನ ತಕರಾರು ಇರುವುದು 1969ರ ಬಗ್ಗೆ.

ಲಾಲ್‌ಬಾಗಿನ ಗಾಜಿನ ಮನೆಯ ಕಾಂಗ್ರೆಸ್ ಅಧಿವೇಶನ, ಪಕ್ಷದ ಅಭ್ಯರ್ಥಿಯಾಗಿ ಸಂಜೀವರೆಡ್ಡಿಯವರ ಆಯ್ಕೆ, ಆಮೇಲೆ ಅವರೆದುರು ನಿಂತ ವಿ.ವಿ. ಗಿರಿಯವರ ಪರ ವಾಲಿದ ಇಂದಿರಾ ಗಾಂಧಿಯವರ ಆತ್ಮಸಾಕ್ಷಿಯ ಕರೆ, ಇದೆಲ್ಲ ಇಲ್ಲಿರುವ ಹಿರಿಯರಿಗೆ ಗೊತ್ತು. 'ಎರಡನೇ ಪ್ರಾಶಸ್ತ್ಯದ ಮತ ಗಿರಿಯವರನ್ನು ಗೆಲ್ಲಿಸಿತು' ಅನ್ನುವುದೂ ಗೊತ್ತು. ನಮ್ಮ ಪೌರನೀತಿ ಮೇಷ್ಟ್ರು ಹೇಳಿಕೊಟ್ಟದ್ದೂ ಅದನ್ನೇ. ಮೇಜಿನ ಮೇಲೆ ಮೂರು ಚಾಕ್‌ಪೀಸ್ ಡಬ್ಬಿ ಇಟ್ಟರು. ಮೂರನೆಯ ಅಭ್ಯರ್ಥಿ ದೇಶಮುಖರ ಡಬ್ಬಿಯ ಚೀಟಿ ಒಂದೊಂದನ್ನೇ ಬಿಡಿಸಿ, 2 ಅಂತ ಯಾರ ಮುಂದಿದೆ ನೋಡಿ, ಗಿರಿ ಡಬ್ಬಿಗೆ ಹಾಕುತ್ತಾ ಹೋದರು. ಕೈಗೆಲ್ಲ ಸುಣ್ಣದ ಪುಡಿ. ವಿಧಾನ ಸರಿಯಿತ್ತು, ಡಬ್ಬಿ ತಪ್ಪಿತ್ತು.

ಲೆಕ್ಕ ನೋಡಿ. ಮೊದಲ ಸುತ್ತಿನಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಗೆಲ್ಲಲು ಬೇಕಿದ್ದದ್ದು 4,18,169. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಕಳೆದು ನೋಡಿದರೆ, ಹೊರಬಿದ್ದವರಿಂದ ಗಿರಿಯವರಿಗೆ ಬಂದದ್ದು 18,562, ರೆಡ್ಡಿಯವರಿಗೆ 91,879! ಐದು ಪಾಲು ಅತ್ತ, ಒಂದೇ ಪಾಲು ಇತ್ತ. ದೇಶಮುಖರ ಬೆನ್ನಿಗಿದ್ದ ಜನಸಂಘ, ಸ್ವತಂತ್ರ ಪಕ್ಷದವರ ಬಳಿ ಎರಡನೇ ಮತ ಕೇಳಿದರೆಂದು ಆಗಿನ ಕಾಂಗ್ರೆಸ್ ಅಧ್ಯಕ್ಷ, ನಮ್ಮ ನಿಜಲಿಂಗಪ್ಪನವರು ಬೈಸಿಕೊಂಡರಲ್ಲ, ಆ ಮತ ಬಂದಿತ್ತು. ಬಾರದೇ ಹೋದದ್ದು ಸ್ವಂತ ಪಕ್ಷದವರ ಮೊದಲ ಮತ. ಇದನ್ನು ಕಾಗದದ ಮೇಲೆ ಕಳೆದು ನೋಡಿದ ದಿನ ಮೇಷ್ಟ್ರಿಗೆ ತೋರಿಸೋಣ ಅನ್ನಿಸಿತು. ಅವರಿರಲಿಲ್ಲ.

ಹಾಗಾದರೆ ಎದುರಾಳಿಯ ಬೆಂಬಲಿಗರ ಎರಡನೇ ಮತ ಕೇಳಿದ್ದು ಯಾವ ತಪ್ಪು? ಈ ಪದ್ಧತಿ ಇರುವುದೇ ಅದಕ್ಕಲ್ಲವೇ? ಗುಟ್ಟಿನ ಮತ, ಆತ್ಮಸಾಕ್ಷಿ ಸರಿ. ಆದರೆ ನಾನು ಆರಿಸಿ ಕಳಿಸಿದ ಶಾಸಕ ಅಲ್ಲಿ ಯಾರ ಸಾಕ್ಷಿಯನ್ನು ಕೇಳಬೇಕು, ತನ್ನದೋ ನನ್ನದೋ? ಒಂದು ದಿನ ನಿಜಲಿಂಗಪ್ಪನವರ ಕಡೆ ವಾಲುತ್ತೇನೆ, ಮರುದಿನ ಗಿರಿಯವರ ಕಡೆ. ರೆಡ್ಡಿಯವರಂತೂ 1977ರಲ್ಲಿ ಅವಿರೋಧವಾಗಿ ಆಯ್ಕೆಯಾದರು. ಆ ಸಲ ಎಣಿಸಲು ಒಂದು ಮತವೂ ಇರಲಿಲ್ಲ.