ಹಿಮನಾಡಿನಲ್ಲಿ ಕೊಳಚೆನೀರಿನ ಸಂಸ್ಕರಣೆ



ಅಹಮದಾಬಾದ್ ಮತ್ತು ಗಾಂಧಿನಗರಗಳ ನಡುವಣ ಚಾಂದ್‌ಖೇಡಾದಲ್ಲಿ ಕೊಳಚೆನೀರಿನ ತೊಟ್ಟಿಯನ್ನು ಬೆಚ್ಚಗಿಡುವ ಪ್ರಶ್ನೆಯೇ ಉದ್ಭವಿಸದು. ಅಹಮದಾಬಾದಿನಲ್ಲಿ 2016ರ ಮೇ 20ರಂದು 48 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಗಿತ್ತು. ಮಲಿನವಸ್ತುವನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿನ ಬೆಚ್ಚನೆಯ ನೆಲವೇ ಆಸರೆ. ಆದರೆ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿರುವ ಲೇಹ್ ಪಟ್ಟಣದಲ್ಲಿ ಚಳಿಗಾಲದ ಉಷ್ಣತೆ ಶೂನ್ಯಕ್ಕಿಂತ ಬಹಳ ಕೆಳಗಿಳಿಯುತ್ತದೆ. ಚಾಂದ್‌ಖೇಡಾಕ್ಕೆ ಒಗ್ಗುವ ವಿನ್ಯಾಸವು ಅಲ್ಲಿ ನಿರುಪಯುಕ್ತವಾದೀತು.

ಉಷ್ಣತೆ 10 ಡಿಗ್ರಿ ಇಳಿದಾಗ ಸೂಕ್ಷ್ಮಜೀವಿಗಳ ಕಾರ್ಯವೇಗವು ಸ್ಥೂಲವಾಗಿ ಅರ್ಧಕ್ಕೆ ಇಳಿಯುತ್ತದೆ. ಉದಾಹರಣೆಗೆ, ಐವರ ಕುಟುಂಬವೊಂದು ದಿನಕ್ಕೆ 500 ಲೀಟರ್ ಕೊಳಚೆನೀರು ಹೊರಬಿಡುತ್ತದೆಂದು ಭಾವಿಸೋಣ. 25 ಡಿಗ್ರಿಯಲ್ಲಿ ಅದನ್ನು ಎರಡು ದಿನ ತಂಗಿಸಲು 1,000 ಲೀಟರಿನ ತೊಟ್ಟಿ ಸಾಕಾದರೆ, 5 ಡಿಗ್ರಿಯಲ್ಲಿ ಅದೇ ಕೆಲಸಕ್ಕೆ ಎಂಟು ದಿನಗಳೂ 4,000 ಲೀಟರಿನ ತೊಟ್ಟಿಯೂ ಬೇಕಾಗುತ್ತವೆ.

ಆದುದರಿಂದ ವಿನ್ಯಾಸಕಾರರು ಕೆಲವು ಅಂಶಗಳನ್ನು ಪಾಲಿಸುವುದು ಅಗತ್ಯ. ಮಣ್ಣು ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ತೊಟ್ಟಿಯನ್ನು ಹೂಳಿ, ಅದರ ಮೇಲೆ ಶಾಖನಿರೋಧಕ ಹೊದಿಕೆ ಹಾಕಬೇಕು. ಕೊಳವೆಗಳಲ್ಲಿ ನೀರು ನಿಂತು ಮಂಜುಗಡ್ಡೆಯಾಗದಂತೆ ಅವುಗಳಿಗೆ ಸಾಕಷ್ಟು ಇಳಿಜಾರು ಕೊಡಬೇಕು. ಕರಗಿದ ಹಿಮದ ತಣ್ಣೀರು ಒಳಸೇರದಂತೆ ತಡೆಯಬೇಕು. ಅಡಿಗೆಮನೆ ಮತ್ತು ಸ್ನಾನಗೃಹಗಳ ನೀರು ಬಿಸಿ ಆರುವ ಮುನ್ನವೇ ತೊಟ್ಟಿ ಸೇರಬೇಕು.

ಲಡಾಖಿನ ಪೂರ್ವಿಕರು ಈ ಸಮಸ್ಯೆಯನ್ನು ನೀರಿಲ್ಲದೆಯೇ ಬಗೆಹರಿಸಿದ್ದರು. ಅಲ್ಲಿನ ಸಾಂಪ್ರದಾಯಿಕ ಒಣ ಶೌಚಾಲಯದಲ್ಲಿ ಮಲದ ಮೇಲೆ ಮಣ್ಣು, ಬೂದಿಗಳನ್ನು ಸುರಿಯುತ್ತಾರೆ. ಕೆಳಕೋಣೆಯಲ್ಲಿ ಅದು ಗೊಬ್ಬರವಾಗಿ ಹೊಲ ಸೇರುತ್ತದೆ. ಪ್ರವಾಸೋದ್ಯಮ ಬೆಳೆದಂತೆ ಹೋಟೆಲುಗಳೂ ನೀರಿನ ಶೌಚಾಲಯಗಳೂ ಹೆಚ್ಚಿದವು. ಮಳೆ ತೀರ ವಿರಳವಾದ ಆ ನಾಡಿನಲ್ಲಿ ಇಂಗುಗುಂಡಿಯ ಕೊಳಚೆಯು ಅಂತರ್ಜಲವನ್ನು ಸೇರಿದರೆ ಕುಡಿಯುವ ನೀರಿಗೇ ಕುತ್ತು.

ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಗ್ವಾಲಿಯರ್ ಪ್ರಯೋಗಾಲಯವು ಸಿಯಾಚಿನ್, ಲಡಾಖ್‌ಗಳಂತಹ ಎತ್ತರದ ನೆಲೆಗಳಲ್ಲಿರುವ ಯೋಧರ ಅಗತ್ಯಕ್ಕಾಗಿ ಜೈವಿಕ ಜೀರ್ಣಕ ತೊಟ್ಟಿಯನ್ನು ರೂಪಿಸಿತು. ಅಂಟಾರ್ಕ್ಟಿಕಾ ಮೊದಲಾದ ಶೀತಪ್ರದೇಶಗಳಿಂದ ಸಂಗ್ರಹಿಸಿದ, ಚಳಿಯಲ್ಲೂ ಕ್ರಿಯಾಶೀಲವಾದ ಬ್ಯಾಕ್ಟೀರಿಯಾಗಳು ಇದರಲ್ಲಿವೆ. ಆಮ್ಲಜನಕವಿಲ್ಲದೆ ಅವು ಮಲವನ್ನು ಅನಿಲ ಮತ್ತು ನೀರಾಗಿ ಪರಿವರ್ತಿಸುತ್ತವೆ. ಇದೇ ತಂತ್ರವು ಮುಂದೆ ಭಾರತೀಯ ರೈಲ್ವೆಯ ಬೋಗಿಗಳನ್ನೂ ಸೇರಿತು. ಹಿಮಕ್ಕಾಗಿ ಹುಟ್ಟಿದ ಈ ಸಾಧನವು ಅಹಮದಾಬಾದಿನ ಬಿಸಿಲಲ್ಲಿ ಓಡುವ ರೈಲುಗಳಲ್ಲೂ ಕೆಲಸ ಮಾಡುತ್ತಿದೆ.

ಆದರೂ ಯಾವ ಬ್ಯಾಕ್ಟೀರಿಯಾವೂ ಹೆಪ್ಪುಗಟ್ಟಿದ ತೊಟ್ಟಿಯಲ್ಲಿ ದುಡಿಯಲಾರದು. ಸ್ಥಳದ ಹವೆಯನ್ನರಿತು ತೊಟ್ಟಿಯನ್ನು ಕಟ್ಟುವುದೂ ಅದನ್ನು ಕಾಲಕಾಲಕ್ಕೆ ನೋಡಿಕೊಳ್ಳುವುದೂ ಜನರ ಕೈಯಲ್ಲಿದೆ. ಊರಿನ ಬಾವಿ, ಚಿಲುಮೆಗಳ ನೈರ್ಮಲ್ಯ ಅದನ್ನೇ ಅವಲಂಬಿಸಿದೆ.